ಮುಂಜಾನೆ ಹನ್ನೊಂದಕ್ಕೆ ಮಾರುತಿ ಯಾಕೆ ಮಲಗಿದ್ದರು?

ನನಗೆ ಫೋನ್ ಮಾಡುವ ಓದುಗರಲ್ಲಿ ಎರಡು ಬಗೆ. ನನ್ನ ಕಾಗುಣಿತ ತಿದ್ದುವವರು ಒಂದು. ತಮ್ಮ ಕವಿತೆ ಓದಿ ಹೇಳುವವರು ಇನ್ನೊಂದು. ಯುಗಾದಿಗೆ ಒಂದು ವಾರ ಇದ್ದಾಗ ಫೋನ್ ಮಾಡಿದ ಹೆಂಗಸು ಈ ಎರಡರಲ್ಲೂ ಸೇರಲಿಲ್ಲ.

ಹೆಸರು ಶಾಂತಾಬಾಯಿ, ಊರು ಭಾಲ್ಕಿ ಅಂದರು. ಜೀವಮಾನವೆಲ್ಲ ದವಾಖಾನೆಯಲ್ಲಿ ನರ್ಸ್ ಆಗಿದ್ದವರು. ರಿಟೈರ್ ಆದ ಮೇಲೆ ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದ ತನಕ ಓದುತ್ತಾರಂತೆ. ಭಾನುವಾರದ ನನ್ನ ಅಂಕಣ ಓದಿದೆ, ಚೆಂದ ಬರೆದೀರಿ ಅಂದರು. ನಾನು ಕುರ್ಚಿ ಎಳೆದುಕೊಂಡು ಕೂತೆ. (ಹೊಗಳಿಕೆಯನ್ನು ನಿಂತುಕೊಂಡು ಕೇಳಬಾರದು.)

ಆಮೇಲೆ ಕೇಳಿದರು: “ಒಂದು ತಿಳೀಲಿಲ್ಲ ಮೇಡಂ. ಮುಂಜಾನಿ ಹನ್ನೊಂದಕ್ಕ ಆ ಮನುಷ್ಯ ಯಾಕ ಮಲಗಿದ್ದ?”

ಯಾವ ಮನುಷ್ಯ?

ನೀವೇ ಬರೆದಿದ್ದೀರಲ್ಲ, ಅಂದರು.

ಹೌದು, ನಾನೇ ಬರೆದಿದ್ದೆ. ನೆನಪಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ.

ಮೂರು ವರ್ಷ ಮಳೆ ಕೈಕೊಟ್ಟದ್ದು ನಿಮಗೇ ಗೊತ್ತು. ದೀಪಾವಳಿ ಮುಗಿಯುವುದೇ ತಡ, ಔರಾದ ಕಡೆಯ ಹಳ್ಳಿಗಳು ಬಸ್ ಹತ್ತುತ್ತಿದ್ದವು. ಹೈದರಾಬಾದ್, ಇಲ್ಲವೆ ಪುಣೆ. ಹಾಸಿಗೆ, ಪಾತ್ರೆ, ಮಕ್ಕಳು, ಕೆಲವು ಸಲ ಕೋಳಿ ಕೂಡ ಹತ್ತುತ್ತಿದ್ದವು. ಹತ್ತಲಾರದವರು ಕೆಲವರಿದ್ದರು. ದೇಹಕ್ಕೆ ನಲವತ್ತು ವರ್ಷವಾಗಿದ್ದರೂ ಲೆಕ್ಕ, ಅಕ್ಷರ, ದಾರಿ ಇವೆಲ್ಲ ಬೇಗ ಕೈಗೆ ಸಿಗದ ಅಣ್ಣಂದಿರು, ತಮ್ಮಂದಿರು. ಸರಕಾರಿ ಕಾಗದದಲ್ಲಿ ಅವರಿಗೆ ಒಂದು ಹೆಸರಿದೆ. ಊರಲ್ಲಿ ಅದಕ್ಕಿಂತ ಕೆಟ್ಟ ಹೆಸರುಗಳಿವೆ.

ಇಂಥ ನಾಲ್ಕು ಮಂದಿಗಾಗಿ ಬೀದರಿನ ಚಿದ್ರಿಯಲ್ಲಿ, ನಮ್ಮ ಮನೆಯಿಂದ ಎರಡು ಗಲ್ಲಿ ಆಚೆ, ಕೆಲವರು ಸೇರಿ ಒಂದು ಬಾಡಿಗೆ ಮನೆ ಮಾಡಿದರು. ಆಶ್ರಮ ಅಲ್ಲ, ಹಾಸ್ಟೆಲ್ ಅಲ್ಲ. ಬರೀ ಮನೆ. ಒಬ್ಬೊಬ್ಬರಿಗೆ ಒಂದು ಕಪಾಟು, ಕಪಾಟಿಗೆ ಒಂದು ಕೀಲಿ. ಒಬ್ಬರು ಹಿಟ್ಟಿನ ಗಿರಣಿಗೆ ಕೆಲಸಕ್ಕೆ ಹೋಗುತ್ತಾರೆ, ಒಬ್ಬರು ತರಕಾರಿ ಹೆಚ್ಚುತ್ತಾರೆ. ಜೊತೆಗಿದ್ದು ನೋಡಿಕೊಳ್ಳುವವರು ರಜಿಯಾ ಬೇಗಂ, ಎಲ್ಲರ ಬಾಯಲ್ಲೂ ರಜಿಯಾ ಆಪಾ.

ಆ ಮನೆಗೆ ನಾನು ಒಂದು ತಾಸು ಹೋಗಿದ್ದೆ. ಒಂದು ತಾಸು, ಎರಡು ಕಪ್ ಚಹಾ, ಒಂದು ಅಂಕಣ. ಗೋಡೆಯ ಗಡಿಯಾರದ ಸದ್ದು ಕೇಳುವಷ್ಟು ಶಾಂತಿ ಇತ್ತು ಅಂತ ಬರೆದೆ. ನಮ್ಮ ಮನೆಗಳಲ್ಲಿ ಇಂಥ ಶಿಸ್ತು ಇದೆಯೇ ಅಂತ ಓದುಗರನ್ನು ಕೇಳಿದೆ. ಎಕಂಬಾದ ಮಾರುತಿ ಹನ್ನೊಂದು ಗಂಟೆಗೆ ಕೂಸಿನ ಹಾಗೆ ಮಲಗಿದ್ದ ಅಂತಲೂ ಬರೆದೆ. ಆ ವಾಕ್ಯ ನನಗೆ ಬಹಳ ಹಿಡಿಸಿತ್ತು.

ದಣಿದಿರಬಹುದು ಸಿಸ್ಟರ್, ಅಂದೆ ಶಾಂತಾಬಾಯಿಗೆ.

ಏನು ಕೆಲಸ ಮಾಡಿ ದಣಿದಿದ್ದ ಅಂತ ಕೇಳಿದರು.

ನಾನು ಆ ಮನೆಯ ವಿಳಾಸ ಕೊಟ್ಟೆ. ಗುರುವಾರ ಬರ್ತೇನಿ ಅಂದು ಫೋನ್ ಇಟ್ಟರು.

ಬಂದೇ ಬಂದರು. ಕೈಯಲ್ಲಿ ಒಂದು ಬಟ್ಟೆಯ ಚೀಲ, ಕೊರಳಲ್ಲಿ ದಾರ ಕಟ್ಟಿದ ಕನ್ನಡಕ. ರಜಿಯಾ ಆಪಾ ಪಾಪ, ಚುರುಮುರಿ ಸುಸಲಾ ಮಾಡಿಟ್ಟಿದ್ದರು. ಶಾಂತಾಬಾಯಿ ಕೂಡಲಿಲ್ಲ. ಹಾಲ್ ನೋಡಲಿಲ್ಲ, ಅಡುಗೆಮನೆ ನೋಡಲಿಲ್ಲ. ಔಷಧದ ಕಪಾಟು ಎಲ್ಲಿದೆ ಅಂತ ಕೇಳಿದರು.

ಅದು ರಜಿಯಾ ಆಪಾ ಅವರ ಹೆಮ್ಮೆಯ ಜಾಗ. ಕಪಾಟಿಗೆ ಬೀಗ, ಬೀಗದ ಕೈ ಅವರ ಸೊಂಟದಲ್ಲಿ. ಒಳಗೆ ನಾಲ್ಕು ಡಬ್ಬಿ, ಡಬ್ಬಿಯ ಮೇಲೆ ಹೆಸರು ಮತ್ತು ಫೋಟೊ, ಒಬ್ಬರದು ಇನ್ನೊಬ್ಬರಿಗೆ ಹೋಗಬಾರದಲ್ಲ. ಪಕ್ಕದಲ್ಲಿ ಗೆರೆ ಹೊಡೆದ ರಿಜಿಸ್ಟರ್. ತಾರೀಖು, ಹೆಸರು, ಗುಳಿಗೆ, ಹೊತ್ತು, ಸಹಿ. ಶಾಂತಾಬಾಯಿ ಹಾಳೆ ತಿರುವಿದರು. ನಮ್ಮ ವಾರ್ಡಿನಾಗೂ ಇಷ್ಟು ಬರೋಬ್ಬರಿ ಇರಲಿಲ್ಲ ಅಂದರು. ರಜಿಯಾ ಆಪಾ ನೆಲ ನೋಡಿದರು. ನಾನು ಎರಡನೇ ಅಂಕಣಕ್ಕೆ ತಲೆಬರಹ ಯೋಚಿಸತೊಡಗಿದೆ.

ಆಮೇಲೆ ಶಾಂತಾಬಾಯಿ ಒಂದೊಂದೇ ಡಬ್ಬಿ ತೆಗೆದು, ಒಂದೊಂದೇ ಗುಳಿಗೆಯ ಪಟ್ಟಿ ಎತ್ತಿ, ಒಂದೇ ಪ್ರಶ್ನೆ ಕೇಳಿದರು. ಇದು ಯಾತಕ್ಕ?

ಇದು ಬಿ.ಪಿ.ಗೆ. ಇದು ಥೈರಾಯ್ಡಿಗೆ. ರಜಿಯಾ ಆಪಾ ಪಟಪಟ ಹೇಳಿದರು. ಮಾರುತಿಯವರ ಡಬ್ಬಿಯಲ್ಲಿ ಎರಡು ಪಟ್ಟಿ ಇದ್ದವು. ದೊಡ್ಡ ಗುಳಿಗೆ ಫಿಟ್ಸ್‌ಗೆ, ಸಣ್ಣಂದಿನಿಂದ ನಡೆದಿದೆ. ಸಣ್ಣದು?

“ಅದು ಶಾಂತ ಇರ್ಲಿಕ್ಕ,” ಅಂದರು ರಜಿಯಾ ಆಪಾ.

“ಯಾರು ಶಾಂತ ಇರ್ಲಿಕ್ಕ?”

ಗಡಿಯಾರದ ಸದ್ದು ಚೆನ್ನಾಗಿ ಕೇಳಿಸುತ್ತಿತ್ತು.

ಕಥೆ ನಿಧಾನಕ್ಕೆ ಹೊರಗೆ ಬಂತು. ಮಾರುತಿಯವರಿಗೆ ತಂದೆತಾಯಿ ಇಲ್ಲ, ಅಕ್ಕ ಸುನಂದಾ ಇದ್ದಾಳೆ. ಬರದ ಮೊದಲ ವರ್ಷ ಅವಳೂ ಗಂಡನೂ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಗುವಾಗ ತಮ್ಮನನ್ನೂ ಕರಕೊಂಡೇ ಹೋದರು. ಅಲ್ಲಿ ಒಂದು ದಿನ ಮಾರುತಿ ಬಸ್ ನೋಡಲು ಅಂತ ಹೊರಟು, ಸಂಜೆಯ ತನಕ ಸಿಗಲಿಲ್ಲ. ಸುನಂದಾ ಬರೀ ಹೆದರಲಿಲ್ಲ, ಅರ್ಧ ಸತ್ತಳು. ಎರಡನೇ ವರ್ಷ ಚಿದ್ರಿಯ ಈ ಮನೆಗೆ ತಂದು ಬಿಟ್ಟಳು. ಅವಳು ಹೋದ ಮೇಲೆ ಮಾರುತಿ ಅತ್ತರು. ಬಾಗಿಲು ಬಡಿದರು. ತಾಟು ಎಸೆದರು. ಅಕ್ಕಪಕ್ಕದವರು ಬಂದು ಜಗಳಾಡಿದರು. ಆಗ ಮನೆ ನಡೆಸುತ್ತಿದ್ದವರು ಡಾಕ್ಟರಿಗೆ ತೋರಿಸಿದರು. ಡಾಕ್ಟರು ಈ ಸಣ್ಣ ಗುಳಿಗೆ ಬರೆದರು. ಮನೆ ನಡೆಸುತ್ತಿದ್ದವರು ಬದಲಾದರು. ಗುಳಿಗೆ ಬದಲಾಗಲಿಲ್ಲ.

ಚೀಟಿ ಇದೆಯಾ? ಇತ್ತು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೋಪಾನ ಮಾಡಿದ್ದರು. ಇಂಗ್ಲಿಷಿನಲ್ಲಿತ್ತು. ರಜಿಯಾ ಆಪಾಗೆ ಉರ್ದು ಓದಲು ಬರುತ್ತದೆ, ಕನ್ನಡ ಕೂಡಿಸಿ ಕೂಡಿಸಿ ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ. ಚೀಟಿ ನನ್ನ ಕೈಗೆ ಬಂತು. ಡಾಕ್ಟರ ಅಕ್ಷರ ಅಂತ ನಾವು ನಗುತ್ತೇವಲ್ಲ, ಈ ಡಾಕ್ಟರ ಅಕ್ಷರ ಮುತ್ತಿನಂತಿತ್ತು. ಹದಿನೈದು ದಿನ. ಆಮೇಲೆ ಕರೆತಂದು ತೋರಿಸುವುದು.

ಹದಿನೈದು ದಿನದ ಗುಳಿಗೆ ಹದಿನೇಳನೇ ತಿಂಗಳು ನಡೆದಿತ್ತು. ಪ್ರತಿ ತಿಂಗಳು ಯಾರಾದರೂ ಖಾಲಿ ಪಟ್ಟಿ ತೋರಿಸಿ ಮೆಡಿಕಲ್ ಅಂಗಡಿಯಿಂದ ತರುತ್ತಿದ್ದರು. ಅಂಗಡಿಯವರು ಕೇಳಲಿಲ್ಲ. ಒಯ್ದವರು ಹೇಳಲಿಲ್ಲ.

“ನಾ ಒಂದ್ ದಿನ ತಪ್ಪಿಸಿಲ್ಲ ಸಿಸ್ಟರ್,” ಅಂದರು ರಜಿಯಾ ಆಪಾ. ದನಿ ಬಹಳ ಸಣ್ಣಗಾಗಿತ್ತು.

ಖರೇ ಮಾತು. ರಿಜಿಸ್ಟರಿನಲ್ಲಿ ಒಂದು ಚೌಕವೂ ಖಾಲಿ ಇರಲಿಲ್ಲ. ತಮಗೆ ಜ್ವರ ಬಂದಾಗಲೂ, ರಂಜಾನಿನ ರೋಜಾ ಹಿಡಿದಾಗಲೂ ಅವರು ಎದ್ದು ಬಂದು ಕೊಟ್ಟಿದ್ದರು. ನಮ್ಮ ಕಡೆ ಯಾವ ಕೆಲಸವೂ ಇಷ್ಟು ನಿಯತ್ತಿನಿಂದ ನಡೆದದ್ದನ್ನು ನಾನು ನೋಡಿಲ್ಲ. ನಡೆದದ್ದು ಮಾತ್ರ ನಡೆಯಬಾರದ ಕೆಲಸ.

ಶಾಂತಾಬಾಯಿ ಈಗ ಕೂತರು. ರಜಿಯಾ ಆಪಾರ ಪಕ್ಕದಲ್ಲೇ ಕೂತು ಸುಸಲಾ ತಿಂದರು. ರಿಜಿಸ್ಟರಿನಾಗ ಸಹಿಗೆ ಗೆರೆ ಹೊಡೆದವರು ‘ಯಾತಕ್ಕ’ ಅನ್ನೋದಕ್ಕ, ‘ಎಂದಿನ ತನಕ’ ಅನ್ನೋದಕ್ಕ ಗೆರೆ ಹೊಡಿಲಿಲ್ಲ, ನೀವೇನು ಮಾಡ್ತೀರಿ ಅಂದರು. ರಜಿಯಾ ಆಪಾ ಕಣ್ಣೊರೆಸಿಕೊಂಡರು.

ನಾನೇನು ಮಾಡಿದೆ? ಸಿಟ್ಟು ಮಾಡಿದೆ. ಲೇಖಕಿಗೆ ಸುಲಭಕ್ಕೆ ಬರುವುದು ಅದೇ. ಈ ಕ್ಷಣವೇ ಇದನ್ನು ಹೊರಗೆ ಎಸೆಯಬೇಕು ಅಂತ ಡಬ್ಬಿಯಿಂದ ಪಟ್ಟಿ ಎತ್ತಿಕೊಂಡೆ.

“ಕೆಳಗಿಡ್ರಿ ಅದನ್ನ,” ಅಂದರು ಶಾಂತಾಬಾಯಿ.

ಇಟ್ಟೆ. ಇಷ್ಟು ದಿನ ತಗೊಂಡ ಗುಳಿಗೆಯನ್ನು ತಟ್ಟನೆ ಬಿಡಿಸಿದರೆ ಮೈ ಬೇರೆಯೇ ಆಟ ಆಡುತ್ತದೆ. ಬಿಡಿಸುವುದೂ ಡಾಕ್ಟರ ಕೆಲಸ, ಮೆಲ್ಲಕೆ ಬಿಡಿಸಬೇಕು. ಇನ್ನು ಫಿಟ್ಸ್ ಗುಳಿಗೆಯನ್ನಂತೂ ಒಂದು ಹೊತ್ತೂ ತಪ್ಪಿಸುವ ಹಾಗಿಲ್ಲ. ನೀವು ಸಿಟ್ಟಿನಾಗ ಎರಡರಲ್ಲಿ ಯಾವ ಪಟ್ಟಿ ಎತ್ತಿದ್ದೀರಿ ಅಂತ ನೋಡಿದಿರೇನು, ಅಂತ ಕೇಳಿದರು. ನೋಡಿದೆ. ನನ್ನ ಪುಣ್ಯ, ಸಣ್ಣದೇ ಆಗಿತ್ತು. ಎತ್ತುವಾಗ ನೋಡಿರಲಿಲ್ಲ.

ಮನೆಗೆ ಬಂದು ನಮ್ಮ ಔಷಧದ ಡಬ್ಬಿ ತೆಗೆದೆ. (ನಿಮ್ಮ ಮನೆಯಲ್ಲೂ ಇರುತ್ತದೆ. ಹಳೇ ಬಿಸ್ಕೀಟಿನ ಡಬ್ಬಿ.) ಐದು ದಿನಕ್ಕೆ ಅಂತ ಬರೆದುಕೊಟ್ಟಿದ್ದ ಆಸಿಡಿಟಿ ಗುಳಿಗೆಯನ್ನು ನಾನು ನಾಲ್ಕು ವರ್ಷದಿಂದ ನುಂಗುತ್ತಿದ್ದೇನೆ. ಅಂಗಡಿಯಲ್ಲಿ ಹೆಸರೂ ಹೇಳುವುದಿಲ್ಲ, ‘ಅದೇ ಕೊಡ್ರಿ’ ಅನ್ನುತ್ತೇನೆ. ನಮ್ಮ ಜಿಲ್ಲೆಯಲ್ಲಿ ‘ಅದೇ’ ಅನ್ನುವ ಔಷಧ ಎಲ್ಲ ಕಾಯಿಲೆಗೂ ನಡೆಯುತ್ತದೆ. ಆದರೆ ನನಗೂ ಮಾರುತಿಗೂ ಒಂದು ಫರಕು ಇದೆ. ನಾನು ಬೇಡ ಅಂದರೆ ನನ್ನ ಗುಳಿಗೆ ನಿಲ್ಲುತ್ತದೆ.

ಸೋಮವಾರ ದವಾಖಾನೆಗೆ ಹೋದೆವು. ನಾನು, ಶಾಂತಾಬಾಯಿ, ರಜಿಯಾ ಆಪಾ, ಮಾರುತಿ. ಮಾರುತಿ ಆಟೋದಲ್ಲೇ ತೂಕಡಿಸಿದರು. ಡಾಕ್ಟರು ಬೇರೆಯವರು, ವಯಸ್ಸು ಚಿಕ್ಕದು, ಒಳ್ಳೆಯವರೇ. ಅವರು ನನ್ನನ್ನು ನೋಡಿ ಕೇಳಿದರು, ಇವನಿಗೆ ನಿದ್ದೆ ಹೇಗಿದೆ, ಇವನು ಊಟ ಮಾಡುತ್ತಾನಾ. ಅವರನ್ನೇ ಕೇಳ್ರಿ ಸಾಹೇಬ್ರ, ಇಲ್ಲೇ ಕುಂತಾರ, ಅಂದರು ಶಾಂತಾಬಾಯಿ. (ಆ ಅಂಕಣ ಬರೆದಾಗ ನಾನೂ ‘ಅವನು’ ಅಂದಿದ್ದೆ. ನಲವತ್ತೊಂದು ವರ್ಷದ ಮನುಷ್ಯರಿಗೆ. ಈಗ ತಿದ್ದಿಕೊಂಡಿದ್ದೇನೆ.)

ಡಾಕ್ಟರು ಕುರ್ಚಿ ತಿರುಗಿಸಿದರು. ಏನು ತ್ರಾಸ ಆಗ್ತದ ಅಂತ ಮಾರುತಿಯವರನ್ನು ಕೇಳಿದರು. ಮಾರುತಿ ಬಹಳ ಹೊತ್ತು ತಗೊಂಡರು. ಡಾಕ್ಟರು ಕಾದರು.

“ತಲಿ ಭಾರ,” ಅಂದರು ಮಾರುತಿ.

ರಜಿಯಾ ಆಪಾ ಮುಖ ಮುಚ್ಚಿಕೊಂಡರು. ಈ ಮಾತನ್ನು ಮಾರುತಿ ಹದಿನೇಳು ತಿಂಗಳಿನಿಂದ ಹೇಳುತ್ತಿದ್ದರಂತೆ. ಹೇಳಿದಾಗಲೆಲ್ಲ ಅವರ ಹಣೆಗೆ ಆಪಾ ಮುಲಾಮು ಹಚ್ಚುತ್ತಿದ್ದರಂತೆ.

ನನ್ನದು ಅದಕ್ಕಿಂತ ದೊಡ್ಡ ತಪ್ಪು. ಆ ದಿನ ಅರೆಗಣ್ಣು ತೆರೆದು ಮಾರುತಿ ನನಗೂ ಇದನ್ನೇ ಹೇಳಿದ್ದರು. ನಾನು ಅದನ್ನು ಅಂಕಣದಲ್ಲಿ ಬರೆದಿದ್ದೆ. ‘ತಲೆ ಅನ್ನುವುದು ಭಾರ ಅಂತ ಈ ಮುಗ್ಧನಿಗೆ ಗೊತ್ತು, ಓದಿದ ನಮಗೆ ಗೊತ್ತಿಲ್ಲ’ ಅಂತ ಬರೆದಿದ್ದೆ. ಮೂರು ಜನ ಆ ಸಾಲನ್ನು ಮೆಚ್ಚಿ ಮೆಸೇಜ್ ಕಳಿಸಿದ್ದರು. ಒಬ್ಬ ಮನುಷ್ಯ ತನ್ನ ತ್ರಾಸ ಹೇಳಿಕೊಂಡರೆ ಅದನ್ನು ತತ್ವಜ್ಞಾನ ಮಾಡಿ ಅಚ್ಚು ಹಾಕಿಸುವುದಕ್ಕೆ ಎಷ್ಟು ಓದಿರಬೇಕು ನೋಡಿ.

ಡಾಕ್ಟರು ಚೀಟಿ ಓದಿದರು, ರಿಜಿಸ್ಟರ್ ನೋಡಿದರು, ಯಾರಿಗೂ ಬಯ್ಯಲಿಲ್ಲ. ಸಣ್ಣ ಗುಳಿಗೆಯನ್ನು ಹಂತ ಹಂತವಾಗಿ ಕಡಿಮೆ ಮಾಡಿ, ಎರಡು ವಾರಕ್ಕೊಮ್ಮೆ ಬಂದು ತೋರಿಸಲು ಹೇಳಿದರು. ತಾರೀಖನ್ನು ಶಾಂತಾಬಾಯಿ ಅಲ್ಲೇ ಕನ್ನಡದಲ್ಲಿ ದೊಡ್ಡದಾಗಿ ಬರೆದರು. ಅದರ ಕೆಳಗೆ ರಜಿಯಾ ಆಪಾ ಉರ್ದುವಿನಲ್ಲಿ ಬರೆದುಕೊಂಡರು.

ಬೇಸಿಗೆಯ ತುಂಬ ಮಾರುತಿ ಎಚ್ಚರಾದರು. ಒಂದೇ ಸಲಕ್ಕಲ್ಲ, ಚೂರು ಚೂರು. ಮೊದಲು ಒಂಬತ್ತಕ್ಕೆ ಏಳತೊಡಗಿದರು, ಆಮೇಲೆ ಏಳಕ್ಕೆ. ಚಹಾಕ್ಕೆ ಸಕ್ಕರೆ ಸಾಲದು ಅಂದರು. ಟ್ಯಾಂಕರ್ ಬಂದರೆ ಎಲ್ಲರಿಗಿಂತ ಮುಂಚೆ ಕೊಡ ಹಿಡಿದು ನಿಂತರು. ಬಸ್ಸುಗಳ ಹೊತ್ತು ಹೇಳತೊಡಗಿದರು. ಔರಾದದ್ದು, ಭಾಲ್ಕಿಯದು, ಯಾವುದು ಎಷ್ಟಕ್ಕೆ ಬಿಡುತ್ತದೆ, ಯಾವುದು ಯಾವಾಗಲೂ ತಡ. ಅಷ್ಟು ತಿಂಗಳು ಅದೆಲ್ಲ ಅವರ ಆ ಭಾರದ ತಲೆಯೊಳಗೇ ಇತ್ತು.

ಶಾಂತಾಬಾಯಿ ಅದನ್ನೇ ಹಿಡಿದರು. ನಿಮ್ಮ ಗುಳಿಗಿ ನೀವೇ ತಗೋರಿ ಅಂದರು. ಫಿಟ್ಸ್ ಗುಳಿಗೆ ಬೆಳಿಗ್ಗೆ ಔರಾದ ಬಸ್ಸಿನ ಹೊತ್ತಿಗೆ ಒಂದು, ಸಂಜೆ ಭಾಲ್ಕಿ ಬಸ್ಸಿನ ಹೊತ್ತಿಗೆ ಒಂದು. ಮಾರುತಿ ತಪ್ಪಿಸಲಿಲ್ಲ. ಡಬ್ಬಿಯ ಮೇಲೆ ತಮ್ಮ ಫೋಟೊ ನೋಡುತ್ತಾರೆ, ಗುಳಿಗೆ ತೆಗೆಯುತ್ತಾರೆ, ಇದು ಫಿಟ್ಸಿಗೆ ಅಂತ ಗಟ್ಟಿಯಾಗಿ ಹೇಳುತ್ತಾರೆ, ನುಂಗುತ್ತಾರೆ. ರಜಿಯಾ ಆಪಾ ನಿಂತು ನೋಡಿ ಸಹಿ ಮಾಡುತ್ತಾರೆ. ಈಗ ಮಾರುತಿ ಉಳಿದ ಮೂವರ ಡಬ್ಬಿಗೂ ಬಂದು ಇದು ಯಾತಕ್ಕ ಅಂತ ಕೇಳುತ್ತಾರಂತೆ. ಆಪಾಗೆ ಅದೊಂದು ತಲೆನೋವು.

ಎಚ್ಚರಾದವರು ಬರೀ ಬಸ್ ನೆನೆಸುವುದಿಲ್ಲ. ಅಕ್ಕನನ್ನೂ ನೆನೆಸುತ್ತಾರೆ. ಮಾರುತಿ ಮತ್ತೆ ಅತ್ತರು. ಬಾಗಿಲೂ ಬಡಿದರು. ಅಕ್ಕಪಕ್ಕದವರು ಈ ಸಲ ಜಗಳಕ್ಕೆ ನನ್ನ ಮನೆಗೇ ಬಂದರು. ಅಲ್ಲಿ ಭಾರಿ ಶಾಂತಿ ಅದ ಅಂತ ಪೇಪರಿನಾಗ ಬರೆದವರು ನೀವೇ ಅಲ್ಲೇನ್ರಿ, ಅಂತ ಒಬ್ಬರು ಕೇಳಿದರು. ಮೊದಲಿನ ಗುಳಿಗಿ ಛಲೋ ಇತ್ತು ಅಂತ ಇನ್ನೊಬ್ಬರು ಅಂದರು.

ಸುಳ್ಳು ಯಾಕೆ ಹೇಳಲಿ? ಒಂದು ಭಾನುವಾರ ನನಗೂ ಹಾಗೆ ಅನಿಸಿತು. ಮಾರುತಿ ನಮ್ಮ ಮನೆಗೆ ಬಂದು ಕೂತು, ಮೂರು ತಾಸು ಬಸ್ಸುಗಳ ವಿಷಯ ಹೇಳಿದರು. ನನ್ನ ಅಂಕಣದ ಗಡುವು ಅಂದೇ ಇತ್ತು. ಅರ್ಧ ನಿಮಿಷ, ಬರೀ ಅರ್ಧ ನಿಮಿಷ, ಆ ಸಣ್ಣ ಗುಳಿಗೆ ನನಗೆ ನೆನಪಾಯಿತು. ಹದಿನೇಳು ತಿಂಗಳು ಅದು ಹೇಗೆ ನಡೆಯಿತು ಅಂತ ಆಗ ತಿಳಿಯಿತು. ಅದಕ್ಕೆ ಕೆಟ್ಟವರೇನೂ ಬೇಕಾಗಿಲ್ಲ. ನನ್ನಂಥ ಕೆಲಸ ಇರುವವರು ಸಾಕು.

ಅಳುವುದಕ್ಕೆ ಔಷಧ ಬೇರೆಯೇ ಇತ್ತು. ಅಕ್ಕನಿಗೆ ಫೋನ್ ಹಚ್ಚಿರಿ ಅಂದರು ಶಾಂತಾಬಾಯಿ.

ಫೋನ್ ಮೊದಲೂ ಬರುತ್ತಿತ್ತು. ಸುನಂದಾ ಹೈದರಾಬಾದಿನಿಂದ ವಾರಕ್ಕೊಮ್ಮೆ ಮಾಡುತ್ತಿದ್ದಳು. ಮಾರುತಿ ಎಲ್ಲಿ ಅಂದರೆ ರಜಿಯಾ ಆಪಾ ಇದ್ದದ್ದೇ ಹೇಳುತ್ತಿದ್ದರು, ಮಲಗ್ಯಾನ ಅಂತ. ವಾರಗಟ್ಟಲೆ, ತಿಂಗಳುಗಟ್ಟಲೆ ಮಲಗ್ಯಾನ. ಒಮ್ಮೆ ಬಿತ್ತನೆಗೆ ಊರಿಗೆ ಬಂದಾಗ ಸುನಂದಾ ನೋಡಲೂ ಬಂದಿದ್ದಳು. ತಮ್ಮ ಗೋಡೆಗೆ ಒರಗಿ ಕೂತಿದ್ದ, ಮಾತಾಡಲಿಲ್ಲ, ಕಣ್ಣೆತ್ತಲಿಲ್ಲ. ಬಿಟ್ಟು ಹೋದದ್ದಕ್ಕೆ ನನ್ನ ಮೇಲೆ ಸಿಟ್ಟಾಗ್ಯಾನ, ಮಾತು ಬಿಟ್ಟಾನ ಅಂತ ತಿಳಿದುಕೊಂಡು ಅವಳು ವಾಪಸ್ ಹೋದಳು. ಮೆಲ್ಲಗೆ ಫೋನೂ ಕಡಿಮೆಯಾಯಿತು. ಮಲಗ್ಯಾನ ಅಂತ ಎಷ್ಟು ಸಲ ಕೇಳಿಸಿಕೊಳ್ಳಬೇಕು?

ನಾವು ಫೋನ್ ಹಚ್ಚಿದ ದಿನ ನಾನೂ ಅಲ್ಲಿದ್ದೆ. ಮಾರುತಿ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಅಕ್ಕಾ, ಉಂಡಿ?” ಅಂದರು.

ಆ ಕಡೆಯಿಂದ ಉತ್ತರ ಬರಲಿಲ್ಲ. ಲೈನ್ ಕಟ್ಟಾಯಿತೇನೋ ಅಂತ ನಾನು ಹತ್ತಿರ ಹೋದೆ. ಕಟ್ಟಾಗಿರಲಿಲ್ಲ. ಅಳುತ್ತಿದ್ದಳು. ಮಾರುತಿ ಬಹಳ ಹೊತ್ತು ಕೇಳಿಸಿಕೊಂಡು, ಹೈದರಾಬಾದಿನಿಂದ ಬೀದರಿಗೆ ಬಸ್ಸು ಎಷ್ಟೆಷ್ಟಕ್ಕೆ ಇವೆ ಅಂತ ಒಂದೊಂದಾಗಿ ಹೇಳಿದರು.

ಮಿರಗದ ಮಳೆ ಈ ವರ್ಷ ಹೊತ್ತಿಗೆ ಸರಿಯಾಗಿ ಬಂತು. ಸುನಂದಾ ಗಂಡನ ಜೊತೆ ಬಿತ್ತನೆಗೆ ಬಂದಳು. ಊರಿಗೆ ಹೋಗುವ ಮುಂಚೆಯೇ ಚಿದ್ರಿಯಲ್ಲಿ ಇಳಿದಳು. ಅಕ್ಕತಮ್ಮ ಏನು ಮಾತಾಡಿದರು ಅಂತ ಬರೆಯುವುದಿಲ್ಲ. ಮೊದಲಿನ ಸಲ ಬರೆದದ್ದೇ ಸಾಕು.

ಸಂಜೆ ನಾವೆಲ್ಲ ಕೂತಾಗ ಸುನಂದಾ ಹೇಳಿದಳು. ಇನ್ನು ತಮ್ಮನನ್ನು ಬಿಟ್ಟಿರುವುದಿಲ್ಲ. ಈಗ ಎಕಂಬಾಕ್ಕೆ, ದೀಪಾವಳಿಗೆ ಹೈದರಾಬಾದಿಗೆ, ಎಲ್ಲಿದ್ದರೂ ಜೊತೆಗೇ. ರಜಿಯಾ ಆಪಾ ತಲೆ ಆಡಿಸಿದರು. ಅಂಕಣಕ್ಕೆ ಇದಕ್ಕಿಂತ ಒಳ್ಳೆಯ ಮುಕ್ತಾಯ ಎಲ್ಲಿ ಸಿಗುತ್ತದೆ?

“ನಾ ಒಲ್ಲೆ,” ಅಂದರು ಮಾರುತಿ. “ಇದು ನನ್ನ ಮನಿ. ನೀನೇ ಬರ್ತಾ ಇರು.”

ಎಲ್ಲರೂ ಒಟ್ಟಿಗೆ ತಿಳಿಹೇಳಲು ಶುರು ಮಾಡಿದೆವು. ಅಕ್ಕ ಇಷ್ಟು ಪ್ರೀತಿಯಿಂದ ಕರೀತಾಳ. ಹೊಲ ಅದ, ಗಾಳಿ ಅದ. ನಾನಂತೂ ಎರಡು ನಿಮಿಷ ಚೆನ್ನಾಗಿಯೇ ಮಾತಾಡಿದೆ. ಮಾರುತಿ ಎಲ್ಲ ಕೇಳಿದರು, ಎದ್ದು ಹೋಗಿ ತಮ್ಮ ಕಪಾಟಿನ ಕೀಲಿ ತಂದು ಅಕ್ಕನಿಗೆ ತೋರಿಸಿದರು, ಮತ್ತೆ ಒಲ್ಲೆ ಅಂದರು. ಸುನಂದಾ ಕೀಲಿ ನೋಡಿದಳು, ತಮ್ಮನ ಮುಖ ನೋಡಿದಳು. ಆಯ್ತಪ್ಪಾ, ನಾನೇ ಬರ್ತೇನಿ ಅಂದಳು. ಅಲ್ಲಿದ್ದವರಲ್ಲಿ ಬೇಗ ತಿಳಿದದ್ದು ಅವಳಿಗೇ.

ಅವಳ ಗಂಡ ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಹೊರಡುವಾಗ ಅವರು ನನ್ನನ್ನು ಬಾಗಿಲ ಹೊರಗೆ ಕರೆದು ಮೆಲ್ಲಗೆ ಕೇಳಿದರು, ಮೇಡಂ, ಗುಳಿಗಿ ಜರಾ ಹೆಚ್ಚೇ ಕಡಿಮಿ ಮಾಡ್ಯಾರೇನ್ರಿ?

ನನಗೆ ನಗು ಬಂತು. ಆಮೇಲೆ ಬರಲಿಲ್ಲ. ಯಾಕೆಂದರೆ ಐದು ನಿಮಿಷದ ಹಿಂದೆ, ಮಾರುತಿ ಎರಡನೇ ಸಲ ಒಲ್ಲೆ ಅಂದಾಗ, ನಾನೂ ಅದನ್ನೇ ಡಾಕ್ಟರಿಗೆ ಕೇಳಬೇಕು ಅಂದುಕೊಂಡಿದ್ದೆ.

ನೀವು ಮನೆಯಲ್ಲಿ ‘ಒಲ್ಲೆ’ ಅಂದಾಗ ನಿಮಗೆ ಯಾವ ಗುಳಿಗಿ ಕೊಡ್ತಾರ್ರಿ?